ತಿಳಿದವನ ಮೌನ



ನಿಮ್ಮ ಮನೆಯ ಕಪಾಟಿನ ಮೂಲೆಯಲ್ಲಿ ನಿಂತುಹೋದ ಹಳೆಯ ಕೈಗಡಿಯಾರವೊಂದು ಇದ್ದಿರಬಹುದು. ತಂದೆಯವರ ನಿವೃತ್ತಿಯ ದಿನ ಕಚೇರಿಯವರು ಕೊಟ್ಟದ್ದೋ, ಮದುವೆಯಲ್ಲಿ ಮಾವನ ಮನೆಯವರು ಕಟ್ಟಿದ್ದೋ ಇರಬಹುದು. ಪರಿಚಿತರೊಬ್ಬರು ಒಂದು ದಿನ ನಿಮ್ಮ ಮನೆಗೆ ಬರುತ್ತಾರೆ, ಊಟ ಮಾಡುತ್ತಾರೆ, ಮಾತಿನ ನಡುವೆ ಆ ಗಡಿಯಾರವನ್ನು ನೋಡಿ, "ಇದನ್ನು ನನಗೆ ಕೊಡುವಿರಾ? ಎರಡು ಸಾವಿರ ಕೊಡುತ್ತೇನೆ" ಎನ್ನುತ್ತಾರೆ. ನಿಂತುಹೋದ ಗಡಿಯಾರಕ್ಕೆ ಎರಡು ಸಾವಿರವೇ ಎಂದು ನೀವು ಸಂತೋಷದಿಂದಲೇ ಕೊಡುತ್ತೀರಿ. ಅದರ ಬೆಲೆ ಎರಡು ಲಕ್ಷಕ್ಕಿಂತ ಹೆಚ್ಚೆಂದು ಅವರಿಗೆ ತಿಳಿದಿತ್ತು, ನಿಮಗೆ ತಿಳಿದಿರಲಿಲ್ಲ. ಅವರು ನಿಮ್ಮನ್ನು ಒತ್ತಾಯಿಸಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಹಾಗಾದರೆ ಅವರು ನಿಮಗೆ ಅನ್ಯಾಯ ಮಾಡಿದರೋ ಇಲ್ಲವೋ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಲ್ಲಿ, ನನ್ನ ಕಣ್ಣೆದುರಿನಲ್ಲಿ, ನಾನು ಸಾಕ್ಷಿಯಾಗಿ ಕುಳಿತಿದ್ದಾಗಲೇ ಹುಟ್ಟಿದ ಪ್ರಶ್ನೆ ಇದು. ಸಾಕ್ಷಿ ಎಂಬ ಮಾತೂ ಪೂರ್ತಿ ಸರಿಯಲ್ಲ. ಯಾಕೆ ಸರಿಯಲ್ಲ ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಯರಗುಪ್ಪಿ ನಮ್ಮ ತಂದೆಯವರ ಊರು. ಎರೆಯ ನೆಲ, ಮೆಣಸಿನಕಾಯಿ, ಹತ್ತಿ, ಹೆಸರು, ಕಡಲೆ ಬೆಳೆಯುವ ಸೀಮೆ. ನಾನು ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಅಲ್ಲಿಗೆ ಹೋಗಿಬರುವುದುಂಟು. ಕಳೆದ ಸಲ ಹೋದಾಗ ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನೂ ಜೊತೆಗಿದ್ದ. ಒಳ್ಳೆಯ ಹುಡುಗ, ಒಳ್ಳೆಯ ಸಂಬಳ, ಯಾವ ಕೆಟ್ಟ ಚಟವೂ ಇಲ್ಲ. ಒಂದೇ ಒಂದು ಹವ್ಯಾಸವುಂಟು: ಹಳೆಯ ಕೈಗಡಿಯಾರಗಳನ್ನು ಸಂಗ್ರಹಿಸುವುದು. ಅದರಲ್ಲಿಯೂ ಕ್ರೊನೊಗ್ರಾಫ್ ಎಂಬ ಜಾತಿಯ ಗಡಿಯಾರಗಳೆಂದರೆ ಅವನಿಗೆ ಪ್ರಾಣ.

ಹುಬ್ಬಳ್ಳಿಯಿಂದ ಊರಿಗೆ ಹೋಗುವ ದಾರಿಯುದ್ದಕ್ಕೂ ಅವನು ನನಗೆ ಈ ಗಡಿಯಾರಗಳ ಪಾಠವನ್ನೇ ಹೇಳಿದ. ಕ್ರೊನೊಗ್ರಾಫ್ ಎಂದರೆ ವೇಳೆ ತೋರಿಸುವುದರ ಜೊತೆಗೆ ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವ ಗಡಿಯಾರ. ಕೀಲಿ ಕೊಡುವ ತಿರುಪಿನ ಮೇಲೊಂದು ಕೆಳಗೊಂದು ಗುಂಡಿ. ಮೇಲಿನದನ್ನು ಒತ್ತಿದರೆ ನಡುವಿನ ಉದ್ದನೆಯ ಮುಳ್ಳು ಓಡತೊಡಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಮರಳುತ್ತದೆ. ಓಡಿದ ನಿಮಿಷಗಳ ಲೆಕ್ಕವನ್ನು ಮುಖದೊಳಗಿನ ಸಣ್ಣ ಸಣ್ಣ ವೃತ್ತಗಳು ಇಡುತ್ತವೆ. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಕಾಲವನ್ನು ಬರೆಯುವುದು ಎಂದರ್ಥ. 1821ರಲ್ಲಿ ನಿಕೊಲಾ ರಿಯುಸೆಕ್ ಎಂಬ ಫ್ರೆಂಚ್ ಗಡಿಯಾರ ತಯಾರಕ ಪ್ಯಾರಿಸ್ಸಿನ ಕುದುರೆ ಪಂದ್ಯದಲ್ಲಿ ತಂದಿಟ್ಟ ಯಂತ್ರ ನಿಜವಾಗಿಯೂ ಬರೆಯುತ್ತಿತ್ತು: ಗುಂಡಿ ಒತ್ತಿದಾಗ ತಿರುಗುವ ಬಿಲ್ಲೆಯ ಮೇಲೆ ಮಸಿಯ ಒಂದು ಚುಕ್ಕೆ ಬೀಳುತ್ತಿತ್ತು. ಅದಕ್ಕೂ ಐದು ವರ್ಷ ಮೊದಲೇ ಲೂಯಿ ಮೊಯ್ನೆ ಎಂಬಾತ ನಕ್ಷತ್ರಗಳ ಚಲನೆಯನ್ನು ಅಳೆಯಲು ಇಂಥದೊಂದನ್ನು ಮಾಡಿದ್ದನಂತೆ. 1969ರಲ್ಲಿ ಚಂದ್ರನಲ್ಲಿಗೆ ಹೋದವರ ಮಣಿಕಟ್ಟಿನಲ್ಲಿದ್ದದ್ದೂ ಕ್ರೊನೊಗ್ರಾಫೇ.

ಊರಿನಲ್ಲಿ ನಮ್ಮ ಮನೆಯ ಪಕ್ಕದಲ್ಲಿ ಒಬ್ಬ ಹಿರಿಯರಿದ್ದಾರೆ. ಎಂಬತ್ತು ದಾಟಿದೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಹರೆಯದಲ್ಲಿ ಬರಗಾಲದ ಹೊಡೆತಕ್ಕೆ ಊರು ಬಿಟ್ಟು ಪುಣೆಗೆ ಹೋಗಿ, ರೇಸ್ ಕೋರ್ಸಿನ ಒಂದು ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ ಮಾಡಿ, ಮುಪ್ಪಿಗೆ ಮರಳಿದವರು. ಅವರ ಮನೆಯಲ್ಲಿ ಊಟಕ್ಕೆ ಕುಳಿತಾಗ ಹುಡುಗನ ಗಡಿಯಾರದ ಹುಚ್ಚಿನ ಮಾತು ಬಂತು. ಕಾಕಾ ನಕ್ಕು, ಟ್ರಂಕಿನಿಂದ ಬಟ್ಟೆಯ ಗಂಟೊಂದನ್ನು ತರಿಸಿದರು. ಬಿಚ್ಚಿದರೆ ಎರಡು ಗುಂಡಿಯ ಗಡಿಯಾರ. ಸ್ವಿಟ್ಜರ್ಲೆಂಡಿನದು. ಕಂಪನಿಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಇದು ಯಾರ ಮನೆಯೆಂದು ಆ ಸೀಮೆಯವರಿಗೆ ತಿಳಿದೀತು. ಲಾಯದ ಸಾಹೇಬರು ಕುದುರೆಗಳನ್ನು ಬೆಳಗಿನ ಜಾವ ಓಡಿಸುವಾಗ ಕೈಯಲ್ಲಿ ಹಿಡಿಯುತ್ತಿದ್ದ ಗಡಿಯಾರವಂತೆ. ಕೊನೆಗಾಲದಲ್ಲಿ ಇವರಿಗೆ ಕೊಟ್ಟು ಹೋದರಂತೆ. "ಚೊಲೊ ಕುದರಿ ಆದ್ರ ಫರ್ಲಾಂಗಿಗೆ ಹನ್ನೆರಡು, ಹದಿಮೂರು ಸೆಕೆಂಡ" ಎಂದು ಕಾಕಾ ಗಾಳಿಯಲ್ಲಿ ಹೆಬ್ಬೆರಳನ್ನು ಒತ್ತಿ ತೋರಿಸಿದರು. ಆಗ ಅವರ ಮಣಿಕಟ್ಟಿನಲ್ಲಿದ್ದದ್ದು ಎಚ್‌ಎಂಟಿ ಜನತಾ.

ಹುಡುಗನ ಮುಖವನ್ನು ನಾನು ನೋಡಿದೆ. ಅವನು ಗಡಿಯಾರವನ್ನು ಕೈಗೆ ತೆಗೆದುಕೊಂಡ ರೀತಿಯಿಂದಲೇ ನನಗೆ ತಿಳಿದುಹೋಯಿತು. ಬೆಲೆ ಎಷ್ಟೆಂದು ತಿಳಿಯಲಿಲ್ಲ, ಬಹಳವೆಂದು ತಿಳಿಯಿತು. ಕಾಕಾ ಅದನ್ನು ದೂರ ಹಿಡಿದು ನೋಡಿ, "ಮಾರಿ ಕಂದ ಆಗೇತಿ ನೋಡು. ಮೊದಲ ಕರ್ರಗಿತ್ತು. ಬಿಸಲಿಗೆ ಹಾಳಾಗೇತಿ" ಎಂದರು. ಹುಡುಗ ಹೇಳಿದ: "ಹೌದ್ರೀ ಅಜ್ಜಾರ, ಬಣ್ಣ ಹೋಗೇತಿ." ಎರಡು ಸಾವಿರದ ಮಾತು ಬಂತು. ಕಾಕಾ ನನ್ನ ಕಡೆ ತಿರುಗಿ, "ತಮ್ಮಾ, ನೀ ಸಾಲಿ ಕಲಿಸಿದಾಂವ, ನಿನಗ ತಿಳೀತೈತಿ. ಸರಿ ಐತೇನು?" ಎಂದು ಕೇಳಿದರು. ನಾನು ಮಾತನಾಡಲಿಲ್ಲ. ತಲೆಯನ್ನು ಅತ್ತಿತ್ತ ಆಡಿಸಿದೆ. ಅದನ್ನು ಅವರು ಹೌದೆಂದು ತಿಳಿದರು. ಹಾಗೆ ತಿಳಿಯಲೆಂದೇ ನಾನು ಆಡಿಸಿದ್ದೆ.

ಮರಳುವ ದಾರಿಯಲ್ಲಿ ಹುಡುಗ ಹೇಳಿದ: ಕಡಿಮೆಯೆಂದರೂ ಎರಡೂವರೆ ಲಕ್ಷ. ಕಪ್ಪು ಮುಖ ಬಿಸಿಲಿಗೆ ಕಂದಾದರೆ ಅದು ಹಾಳಾದದ್ದಲ್ಲ. ಅಂಥ ಮುಖಕ್ಕೆ ಸಂಗ್ರಾಹಕರು ಇನ್ನೂ ಹೆಚ್ಚು ಹಣ ಕೊಡುತ್ತಾರೆ. ಉಷ್ಣವಲಯದ ಮುಖ ಎಂದು ಅದಕ್ಕೆ ಹೆಸರೇ ಇದೆ. ಎರೆಯ ನಾಡಿನ ಬಿಸಿಲು ಇಷ್ಟು ವರ್ಷ ಆ ಗಡಿಯಾರದ ಬೆಲೆಯನ್ನು ಏರಿಸುತ್ತಲೇ ಬಂದಿತ್ತು!

ಓದುಗರೇ, ನಿಮ್ಮಲ್ಲಿ ಕೆಲವರು ಈಗಾಗಲೇ ತೀರ್ಪು ಕೊಟ್ಟಿರಬಹುದು. ಅವಸರ ಬೇಡ. ಹುಡುಗನ ವಾದವನ್ನೂ ಕೇಳೋಣ. ಅದು ದುರ್ಬಲವಾದ ವಾದವಲ್ಲ.

ಅವನು ಹೇಳಿದ್ದು ಇದು. "ಹತ್ತು ವರ್ಷ ಓದಿ, ನೋಡಿ, ಹಣ ಕಳೆದುಕೊಂಡು ನಾನು ಈ ವಿದ್ಯೆಯನ್ನು ಕಲಿತಿದ್ದೇನೆ. ವೈದ್ಯರ ವಿದ್ಯೆಗೆ, ವಕೀಲರ ವಿದ್ಯೆಗೆ ಫೀ ಇದೆಯಲ್ಲ, ನನ್ನ ವಿದ್ಯೆಗೆ ಲಾಭವೇ ಫೀ. ಎಷ್ಟೋ ಸಲ ನಾನೂ ಮೋಸ ಹೋಗಿದ್ದೇನೆ." ಇದು ನಿಜ. ಹಳೆಯ ಗಡಿಯಾರದ ಮುಖಕ್ಕೆ ಹೊಸ ಬಣ್ಣ ಬಳಿದು, ನಾಲ್ಕು ಗಡಿಯಾರಗಳ ಬಿಡಿಭಾಗಗಳನ್ನು ಒಂದರೊಳಗೆ ತುಂಬಿ ಮಾರುವ ವ್ಯಾಪಾರ ಮುಂಬಯಿಯಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಜಗತ್ತಿನ ಸಂಗ್ರಾಹಕರೆಲ್ಲರಿಗೂ ಅದು ಗೊತ್ತು. "ಅಷ್ಟೇ ಅಲ್ಲ ಮಾಮಾ, ಬೆಲೆ ಎಂಬುದು ಗಡಿಯಾರದೊಳಗೆ ಇಲ್ಲ; ಅದನ್ನು ಬಯಸುವವರಲ್ಲಿದೆ. ಯರಗುಪ್ಪಿಯಲ್ಲಿ ಅದನ್ನು ಬಯಸುವವರು ಯಾರೂ ಇರಲಿಲ್ಲ. ಆದ್ದರಿಂದ ಅಲ್ಲಿ ಅದರ ಬೆಲೆ ಎರಡು ಸಾವಿರವೂ ಅಲ್ಲ, ಸೊನ್ನೆ."

ಇದಕ್ಕೆ ಅವನು ಕೊಟ್ಟ ಉದಾಹರಣೆ ಸ್ವಾರಸ್ಯಕರವಾಗಿದೆ. ಅಮೆರಿಕದ ಚಲನಚಿತ್ರ ನಟ ಪಾಲ್ ನ್ಯೂಮನ್‌ಗೆ ಕಾರು ಪಂದ್ಯದ ಹುಚ್ಚಿತ್ತು. ಅವನ ಹೆಂಡತಿ ಜೋಆನ್ ವುಡ್‌ವರ್ಡ್, ಗಾಡಿಯನ್ನು ಹುಷಾರಾಗಿ ನಡೆಸು ಎಂಬರ್ಥದ ಮಾತನ್ನು ಬೆನ್ನಿನ ಮೇಲೆ ಕೊರೆಯಿಸಿ ಒಂದು ರೋಲೆಕ್ಸ್ ಡೇಟೋನಾ ಕ್ರೊನೊಗ್ರಾಫನ್ನು ಕೊಟ್ಟಳು. ಆ ನಮೂನೆಯ ಮುಖದ ಗಡಿಯಾರಗಳು ಆ ಕಾಲದಲ್ಲಿ ಅಂಗಡಿಗಳಲ್ಲಿ ಬೇಗ ಮಾರಾಟವಾಗದೆ ಉಳಿಯುತ್ತಿದ್ದವು. 1984ರಲ್ಲಿ ನ್ಯೂಮನ್ ತನ್ನ ಮಗಳ ಗೆಳೆಯನಾದ ಒಬ್ಬ ತರುಣನನ್ನು ವೇಳೆ ಎಷ್ಟೆಂದು ಕೇಳಿದ. ತನ್ನ ಬಳಿ ಗಡಿಯಾರವಿಲ್ಲವೆಂದು ಹುಡುಗ ಹೇಳಿದ್ದಕ್ಕೆ ಕೈಯಲ್ಲಿದ್ದುದನ್ನೇ ಬಿಚ್ಚಿ ಕೊಟ್ಟುಬಿಟ್ಟ. ಆ ತರುಣ ಅದನ್ನು ವರ್ಷಗಟ್ಟಲೆ ಸಾಮಾನ್ಯ ಗಡಿಯಾರದಂತೆಯೇ ಕಟ್ಟಿಕೊಂಡು ಓಡಾಡಿದ. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದೇ ಗಡಿಯಾರ ಸುಮಾರು 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 115 ಕೋಟಿ ರೂಪಾಯಿ. "ಬೆಲೆಯನ್ನು ಹುಟ್ಟಿಸಿದವರು ಸಂಗ್ರಾಹಕರಲ್ಲವೇ?" ಎಂದು ನನ್ನ ಸೋದರಳಿಯನ ಪ್ರಶ್ನೆ.

ನಾನು ಅವನಿಗೆ ಕೇಳಿದೆ: "ಆ 115 ಕೋಟಿಯಲ್ಲಿ ಉಕ್ಕಿನ ಬೆಲೆ ಎಷ್ಟು, ಹೆಂಡತಿ ಕೊರೆಯಿಸಿದ ಮಾತಿನ ಬೆಲೆ ಎಷ್ಟು?" ಅವನು ಸುಮ್ಮನಾದ. ಯಾಕೆಂದರೆ ಊಟವಾದ ಮೇಲೆ ಅವನು ಕಾಕಾರ ಮುಂದೆ ಕುಳಿತು ಲಾಯದ ಕಥೆಯನ್ನೆಲ್ಲ ಮೊಬೈಲಿನಲ್ಲಿ ದಾಖಲಿಸಿಕೊಂಡಿದ್ದ. ಸಾಹೇಬರು ಯಾರು, ಯಾವ ಕುದುರೆ, ಯಾವ ವರ್ಷ, ಎಲ್ಲವನ್ನೂ ಕೇಳಿದ. ಕುದುರೆಯ ಪಕ್ಕದಲ್ಲಿ ಕಾಕಾ ನಿಂತಿರುವ ಹಳೆಯ ಫೋಟೋವೊಂದನ್ನೂ ಕೇಳಿ ತೆಗೆದುಕೊಂಡ. ಒಬ್ಬ ಪಟ್ಟಣದ ಹುಡುಗ ತನ್ನ ಬಾಳಿನ ಕಥೆಯನ್ನು ಇಷ್ಟು ಆಸಕ್ತಿಯಿಂದ ಕೇಳುತ್ತಿದ್ದಾನಲ್ಲಾ ಎಂದು ಆ ಮುದುಕರ ಮುಖ ಅರಳಿತ್ತು. ಗಡಿಯಾರದ ಹಿನ್ನೆಲೆ ಗಟ್ಟಿಯಾಗಿದ್ದರೆ ಬೆಲೆ ಏರುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ. ಗಡಿಯಾರಕ್ಕೆ ಎರಡು ಸಾವಿರವಾದರೂ ಸಿಕ್ಕಿತು. ಕಥೆಗೆ ಏನೂ ಸಿಗಲಿಲ್ಲ.

ಇನ್ನು ಕಾನೂನಿನ ಮಾತು. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ವಂಚನೆ ಎಂದರೇನೆಂದು ವಿವರಿಸುತ್ತದೆ. ಎದುರಿನವನ ಒಪ್ಪಿಗೆಯ ಮೇಲೆ ಪರಿಣಾಮ ಬೀರಬಲ್ಲ ಸಂಗತಿಯ ಬಗ್ಗೆ ಬರಿದೇ ಸುಮ್ಮನಿರುವುದು ವಂಚನೆಯಲ್ಲ ಎಂದು ಅದು ಹೇಳುತ್ತದೆ. ಆದರೆ ಮಾತನಾಡಬೇಕಾದ ಕರ್ತವ್ಯವಿದ್ದರೆ, ಇಲ್ಲವೆ ಮೌನವೇ ಮಾತಿಗೆ ಸಮನಾಗಿದ್ದರೆ ಆಗ ವಂಚನೆಯಾದೀತು. ಕಾಯಿದೆ ಕೊಡುವ ದೃಷ್ಟಾಂತಗಳಲ್ಲಿ ಮೂರು ಕುದುರೆಯವೇ. ಊನವಿರುವ ಕುದುರೆಯನ್ನು ಹರಾಜಿನಲ್ಲಿ ಸುಮ್ಮನೆ ಮಾರಿದರೆ ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಸ್ವಂತ ಮಗಳಾಗಿದ್ದರೆ ಹೇಳುವುದು ತಂದೆಯ ಕರ್ತವ್ಯ. ಕೊಳ್ಳುವವನು, "ನೀನು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ" ಎಂದಾಗ ಮಾರುವವನು ಬಾಯಿ ಮುಚ್ಚಿಕೊಂಡರೆ ಆ ಮೌನವೇ ಮಾತು. ನಾಲ್ಕನೆಯ ದೃಷ್ಟಾಂತ ಇಬ್ಬರು ವ್ಯಾಪಾರಿಗಳದು: ಧಾರಣೆ ಬದಲಾಗಿರುವ ಸುದ್ದಿ ಒಬ್ಬನಿಗೆ ಗುಟ್ಟಾಗಿ ತಿಳಿದಿದ್ದರೆ ಅದನ್ನು ಇನ್ನೊಬ್ಬನಿಗೆ ಹೇಳಬೇಕಾಗಿಲ್ಲ.

ಸೋದರಳಿಯ ಈ ನಾಲ್ಕನೆಯದನ್ನು ಹಿಡಿದುಕೊಂಡ. ನಾನು ಮೂರನೆಯದನ್ನು ಓದಿ ಪುಸ್ತಕ ಮುಚ್ಚಿದೆ. ಅಂದು ಪ್ರಶ್ನೆ ಬಂದದ್ದು ಅವನಿಗಲ್ಲ, ನನಗೆ. ನಾನು ಕೊಳ್ಳುವವನೂ ಅಲ್ಲ, ಮಾರುವವನೂ ಅಲ್ಲ. ಕಾಯಿದೆ ನನ್ನನ್ನು ಹಿಡಿಯಲಾರದು. ಅದು ನನಗೆ ಸಮಾಧಾನವನ್ನೇನೂ ಕೊಡಲಿಲ್ಲ.

ನಮ್ಮ ಕಡೆಯ ರೈತರು ಮೆಣಸಿನಕಾಯಿಯನ್ನು ಬ್ಯಾಡಗಿಗೆ ಒಯ್ಯುತ್ತಾರೆ. ಹುಡುಗ ಅದನ್ನೂ ಎತ್ತಿದ. "ನಾಳೆ ಧಾರಣೆ ಏರುತ್ತದೆಂದು ಅಲ್ಲಿನ ಖರೀದಿದಾರ ರೈತನಿಗೆ ಹೇಳುತ್ತಾನೆಯೇ?" ಇಲ್ಲ, ಹೇಳುವುದಿಲ್ಲ. ಆದರೆ ಬ್ಯಾಡಗಿಯಲ್ಲಿ ಒಂದೇ ಚೀಲಕ್ಕೆ ಅನೇಕರು ಟೆಂಡರು ಬರೆಯುತ್ತಾರೆ. ಒಬ್ಬನ ಗುಟ್ಟನ್ನು ಇನ್ನೊಬ್ಬನ ಆಸೆ ಹೊರಗೆಡವುತ್ತದೆ. ರೈತನಿಗೆ ತಾನು ಪೇಟೆಯಲ್ಲಿ ನಿಂತಿದ್ದೇನೆಂಬ ಎಚ್ಚರವಿರುತ್ತದೆ. ಒಪ್ಪದಿದ್ದರೆ ಮಾಲನ್ನು ಶೀತಲಗೃಹದಲ್ಲಿ ಇಡಬಲ್ಲ. ಅಷ್ಟಿದ್ದೂ 2024ರ ಮಾರ್ಚ್ 11ರಂದು ಧಾರಣೆ ಕುಸಿದಾಗ ರೈತರ ಸಿಟ್ಟು ಕಟ್ಟೆಯೊಡೆದು ಮಾರುಕಟ್ಟೆಯ ಕಚೇರಿಯ ಮೇಲೆ ದಾಳಿಯಾಯಿತು, ವಾಹನಗಳು ಸುಟ್ಟುಹೋದವು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಕಡಿಮೆ ಬೆಲೆಯನ್ನು ಮನುಷ್ಯ ಹೇಗೋ ತಾಳಿಕೊಳ್ಳುತ್ತಾನೆ, ತನಗೆ ಮೋಸವಾಯಿತೆಂಬ ಭಾವನೆಯನ್ನು ತಾಳಲಾರ ಎಂದಷ್ಟೇ ಹೇಳುತ್ತೇನೆ. ಇನ್ನು ಕಾಕಾರ ಪಡಸಾಲೆ ಪೇಟೆಯಾಗಿರಲಿಲ್ಲ. ಅಲ್ಲಿ ಒಬ್ಬನೇ ಖರೀದಿದಾರ. ಅವನ ಮುಂದೆ ರೊಟ್ಟಿಯ ತಟ್ಟೆ.

ಈ ವಾದ ಹೊಸದೇನೂ ಅಲ್ಲ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳನ್ನು ಕುರಿತು ತನ್ನ ಮಗನಿಗಾಗಿ ಬರೆದ ಗ್ರಂಥದಲ್ಲಿ ಇದೇ ಪ್ರಶ್ನೆಯಿದೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯದಿಂದ ಧಾನ್ಯದ ಹಡಗಿನೊಡನೆ ಬಂದ ವರ್ತಕನಿಗೆ ಹಿಂದೆ ಇನ್ನೂ ಅನೇಕ ಹಡಗುಗಳು ಬರುತ್ತಿವೆಯೆಂದು ಗೊತ್ತು. ಹೇಳಿದರೆ ಧಾರಣೆ ಇಳಿಯುತ್ತದೆ. ಹೇಳಬೇಕೋ ಬೇಡವೋ? ಬ್ಯಾಬಿಲೋನಿನ ಡಯೋಜೆನಿಸ್ ಎಂಬ ಪಂಡಿತ, ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದು ವಾದಿಸಿದ. ಅವನ ಶಿಷ್ಯ ಆಂಟಿಪಾಟರ್, ಮನುಷ್ಯರೆಲ್ಲರ ಹಿತ ಒಂದೇ ಆಗಿರುವಾಗ ತಿಳಿದದ್ದನ್ನು ಹೇಳಲೇಬೇಕೆಂದ. ಸಿಸೆರೊ ಶಿಷ್ಯನ ಪಕ್ಷ ಹಿಡಿದ. ಅದೇ ಗ್ರಂಥದಲ್ಲಿ ಸ್ಕೇವೊಲ ಎಂಬ ನ್ಯಾಯಶಾಸ್ತ್ರಜ್ಞನ ಪ್ರಸಂಗವೂ ಬರುತ್ತದೆ. ಹೊಲವೊಂದನ್ನು ಕೊಳ್ಳಲು ಹೋದ ಅವನು, ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ತಾನಾಗಿಯೇ ಒಂದು ಲಕ್ಷ ನಾಣ್ಯಗಳನ್ನು ಸೇರಿಸಿ ಕೊಟ್ಟನಂತೆ. ಜನ ಅವನನ್ನು ಒಳ್ಳೆಯವನೆಂದರು, ಆದರೆ ಜಾಣನೆನ್ನಲಿಲ್ಲ ಎಂದು ಸಿಸೆರೊ ಸೇರಿಸುತ್ತಾನೆ. ಎರಡು ಸಾವಿರ ವರ್ಷಗಳಲ್ಲಿ ಜನ ಬದಲಾಗಿಲ್ಲ.

ಸಂತ ಅಗಸ್ಟೀನರು ತ್ರಿತ್ವವನ್ನು ಕುರಿತ ತಮ್ಮ ಗ್ರಂಥದ ಹದಿಮೂರನೆಯ ಭಾಗದಲ್ಲಿ, ಎಲ್ಲಿಂದಲೋ ನೆನಪಾದಂತೆ, ಒಂದು ಕಥೆ ಹೇಳುತ್ತಾರೆ. ಒಬ್ಬ ನಟ, ಮುಂದಿನ ಆಟದಲ್ಲಿ ನಿಮ್ಮೆಲ್ಲರ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆಂದು ಸಾರಿದ. ರಂಗಮಂದಿರ ಕಿಕ್ಕಿರಿದಿತ್ತು. ಅಗ್ಗವಾಗಿ ಕೊಳ್ಳಬೇಕು, ದುಬಾರಿಯಾಗಿ ಮಾರಬೇಕು, ಇದೇ ನಿಮ್ಮೆಲ್ಲರ ಇಚ್ಛೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಲ್ಲಿ ಅಗಸ್ಟೀನರು ತಡೆದು, ಎಲ್ಲರೂ ಹಾಗಲ್ಲ, ಒಬ್ಬನನ್ನು ನಾನೇ ಬಲ್ಲೆ ಎನ್ನುತ್ತಾರೆ. ಅವನ ಬಳಿಗೆ ಒಬ್ಬ ಗ್ರಂಥವೊಂದನ್ನು ಮಾರಲು ತಂದ. ಅದರ ಯೋಗ್ಯತೆ ತಿಳಿಯದೆ ಬಹಳ ಕಡಿಮೆ ಬೆಲೆ ಕೇಳಿದ. ಕೊಳ್ಳುವವನು, ಮಾರುವವನು ಎಣಿಸಿಯೇ ಇರದಿದ್ದ ನ್ಯಾಯವಾದ ಬೆಲೆಯನ್ನು ಕೊಟ್ಟ. ಆ ಮನುಷ್ಯನ ಹೆಸರನ್ನು ಅಗಸ್ಟೀನರು ಹೇಳುವುದಿಲ್ಲ. ಅಪರೂಪದ ಗ್ರಂಥ ಅಂದಿನ ಕಾಲದ ಸಂಗ್ರಾಹಕನಿಗೆ ಇಂದಿನ ಕ್ರೊನೊಗ್ರಾಫಿಗಿಂತ ಕಡಿಮೆಯದೇನಲ್ಲ ಎಂಬುದನ್ನು ನೆನಪಿಡಿ.

ಇಲ್ಲಿ ನಿಮ್ಮಲ್ಲಿ ಶುಭಸಂದೇಶವನ್ನು ಚೆನ್ನಾಗಿ ಓದಿದವರೊಬ್ಬರು ಕೈಯೆತ್ತಬಹುದು. ಮತ್ತಾಯನ ಹದಿಮೂರನೆಯ ಅಧ್ಯಾಯದಲ್ಲಿ ಹೊಲದಲ್ಲಿ ಹೂತಿಟ್ಟ ನಿಧಿಯನ್ನು ಕಂಡ ಮನುಷ್ಯ ಅದನ್ನು ಮತ್ತೆ ಮುಚ್ಚಿ, ತನ್ನದೆಲ್ಲವನ್ನೂ ಮಾರಿ, ಆ ಹೊಲವನ್ನೇ ಕೊಳ್ಳುತ್ತಾನಲ್ಲ? ಒಡೆಯನಿಗೆ ಹೇಳಿದನೇ? ನನ್ನ ಸೋದರಳಿಯನೂ ಇದನ್ನು ಕೇಳದೆ ಬಿಡಲಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ನಾನೇ ಅವನಿಗೆ ಹೇಳಿಕೊಟ್ಟ ಸಾಮತಿ. ನನಗೆ ತೋರುವುದಿಷ್ಟು: ಅಲ್ಲಿ ಹೊಗಳಿರುವುದು ಅವನ ಗುಟ್ಟನ್ನಲ್ಲ, ಇದ್ದುದೆಲ್ಲವನ್ನೂ ಮಾರಿದ್ದನ್ನು. ಹುಡುಗ ಯರಗುಪ್ಪಿಯಲ್ಲಿ ಮಾರಿದ್ದೇನು? ಜೇಬಿನಲ್ಲಿದ್ದ ನಾಲ್ಕು ನೋಟು.

ನಿಜವಾಗಿ ನನ್ನ ಗೊಂದಲವನ್ನು ಬಿಡಿಸಿದವರು ಸಂತ ತೋಮಸ್ ಅಕ್ವಿನಾಸರು. ಅವರು ಎರಡು ಸಂಗತಿಗಳನ್ನು ಬೇರ್ಪಡಿಸುತ್ತಾರೆ. ಹಿಂದೆ ಇನ್ನಷ್ಟು ಹಡಗುಗಳು ಬರುತ್ತಿವೆಯೆಂದು ಹೇಳದೆ ಇಂದಿನ ಧಾರಣೆಗೆ ಧಾನ್ಯ ಮಾರುವವನು ನ್ಯಾಯವನ್ನು ಮೀರಿದಂತಾಗುವುದಿಲ್ಲ. ಹೇಳಿದರೆ ಅದು ಹೆಚ್ಚಿನ ಸದ್ಗುಣ. ಈ ವಿಷಯದಲ್ಲಿ ಅವರು ಸಿಸೆರೊಗಿಂತ ಸಡಿಲ. ಬ್ಯಾಡಗಿಯ ಖರೀದಿದಾರನಿಗೂ ಇಲ್ಲಿ ಜಾಗವಿದೆ. ಆದರೆ ಒಬ್ಬನು ತನ್ನ ಕೈಯಲ್ಲಿರುವ ಬಂಗಾರವನ್ನು ಹಿತ್ತಾಳೆಯೆಂದು ತಪ್ಪಾಗಿ ತಿಳಿದು ಮಾರುತ್ತಿದ್ದರೆ, ಅದನ್ನು ಬಲ್ಲವನು ಕೊಂಡದ್ದು ಅನ್ಯಾಯ. ಅವನು ಅದನ್ನು ತುಂಬಿಕೊಡಲು ಬದ್ಧನು. ಒಂದು ನಾಳಿನ ಪೇಟೆಯನ್ನು ಕುರಿತ ಅಜ್ಞಾನ. ಇನ್ನೊಂದು ತನ್ನ ಕೈಯಲ್ಲಿರುವ ವಸ್ತು ಏನೆಂಬುದರ ಬಗ್ಗೆಯೇ ಅಜ್ಞಾನ.

ಈಗ ಆ ಕಂದು ಮುಖಕ್ಕೆ ಮರಳಿ. ಕಾಕಾ ಅದನ್ನು ಹಾಳಾದದ್ದೆಂದರು. ಆ ತಪ್ಪು ತಿಳಿವಳಿಕೆಯೇ ಅವರನ್ನು ಎರಡು ಸಾವಿರಕ್ಕೆ ಇಳಿಸಿತು. "ಬಣ್ಣ ಹೋಗೇತಿ" ಎಂದು ಹುಡುಗ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೂ ಅದು ಬರಿಯ ಮೌನವಲ್ಲ. ಆ ತಪ್ಪಿಗೆ ಕೊಟ್ಟ ಮುದ್ರೆ. ವಿದ್ಯೆಗೆ ಫೀ ಇರಲಿ, ನಾನು ಒಪ್ಪುತ್ತೇನೆ. ರೋಗಿಯ ಅಜ್ಞಾನವನ್ನು ವೈದ್ಯರು ಹೋಗಲಾಡಿಸಿ ಫೀ ತೆಗೆದುಕೊಳ್ಳುತ್ತಾರೆ. ಅಜ್ಞಾನ ಹಾಗೆಯೇ ಉಳಿಯಲೆಂದು ಕಾಯುವವನು ತೆಗೆದುಕೊಳ್ಳುವುದಕ್ಕೆ ಫೀ ಎಂಬ ಹೆಸರು ಹೊಂದುವುದಿಲ್ಲ.

ಸಂಗ್ರಾಹಕರನ್ನು ನಾನು ಹೀಗಳೆಯುತ್ತಿಲ್ಲ. ಹುಡುಗ ಆ ಗಡಿಯಾರವನ್ನು ಬಿಚ್ಚಿ, ದಶಕಗಳ ಗಟ್ಟಿಗಟ್ಟಿದ ಎಣ್ಣೆಯನ್ನು ತೊಳೆದು, ಸವೆದ ಸ್ಪ್ರಿಂಗ್ ಬದಲಾಯಿಸಿ ನಡೆಯುವಂತೆ ಮಾಡಿದ್ದಾನೆ. ಟ್ರಂಕಿನಲ್ಲಿದ್ದರೆ ಅದು ತುಕ್ಕಾಗುತ್ತಿತ್ತು. ಹುಬ್ಬಳ್ಳಿಯ ಓಣಿಗಳಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂರುತ್ತಿದ್ದ ರಿಪೇರಿಯವರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವಾಗ ಆ ಕಸುಬನ್ನು ಪ್ರೀತಿಯಿಂದ ಕಲಿತಿರುವ ತರುಣರು ಇವರೇ. ಎಚ್‌ಎಂಟಿಯ ಮಾತನ್ನೇ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಆರಂಭವಾಗಿ, ಮುಂದೆ ತುಮಕೂರಿಗೂ ಹಬ್ಬಿದ ಆ ಕಾರ್ಖಾನೆ, ಹೆಸರಿಗೆ ತಕ್ಕಂತೆ ಜನತೆಗೆ ಗಡಿಯಾರ ಕೊಟ್ಟಿತು. ಕಣ್ಣಿಲ್ಲದವರು ಮುಟ್ಟಿ ವೇಳೆ ತಿಳಿಯುವ ಬ್ರೈಲ್ ಗಡಿಯಾರವನ್ನೂ ಮಾಡಿತು. 2014ರಲ್ಲಿ ಮುಚ್ಚುವ ಸುದ್ದಿ ಹಬ್ಬಿದಾಗ ಜನ ಅಂಗಡಿಗಳಿಗೆ ಮುಗಿಬಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಮುಚ್ಚುವಿಕೆಗೆ ಒಪ್ಪಿಗೆ ಕೊಟ್ಟಿತು. ಎಲ್ಲರ ಕೈಯಲ್ಲೂ ಇದ್ದಾಗ ಯಾರಿಗೂ ಬೇಡವಾಗಿದ್ದ ಗಡಿಯಾರವನ್ನು ಈಗ ಸಂಗ್ರಾಹಕರು ಹಳ್ಳಿ ಹಳ್ಳಿಗಳಲ್ಲಿ ಹುಡುಕುತ್ತಾರೆ. ಆದ್ದರಿಂದ ಇಂಥ ಅತಿಥಿ ನಾಳೆ ನಿಮ್ಮ ಮನೆಗೂ ಬಂದಾನು. ಇಲ್ಲವೇ ನಿಮ್ಮ ಮಗನೇ ಇನ್ನೊಬ್ಬರ ಮನೆಗೆ ಅಂಥ ಅತಿಥಿಯಾಗಿ ಹೋದಾನು.

ನಾನು ಎರಡು ತಿಂಗಳು ತಡೆದೆ. ಕೊನೆಗೆ ಒಬ್ಬನೇ ಯರಗುಪ್ಪಿಗೆ ಹೋದೆ. ಕಾಕಾ ಅಂಗಳದಲ್ಲಿ ಹರಡಿದ್ದ ಮೆಣಸಿನಕಾಯಿಯ ಪಕ್ಕದಲ್ಲಿ ಕುಳಿತಿದ್ದರು. ಎಲ್ಲವನ್ನೂ ಹೇಳಿದೆ, ಬೆಲೆಯನ್ನೂ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊಮ್ಮಗನ ಡಿಪ್ಲೊಮಾ ಓದಿಗೆ ಆ ವರ್ಷ ಸಾಲ ಮಾಡಿದ್ದರೆಂದು ನನಗೆ ಆಮೇಲೆ ತಿಳಿಯಿತು. ಕಾಕಾ ಬಹಳ ಹೊತ್ತು ಏನೂ ಹೇಳಲಿಲ್ಲ. ನಂತರ ಹೇಳಿದರು: "ಆ ಹುಡುಗಂದ ಏನೂ ಇಲ್ಲ ಬಿಡು. ಅವಾ ಮೊನ್ನೆ ಬಂದಾಂವ, ನಾ ಅವನ್ನ ಕೇಳಿದ್ದಿಲ್ಲ. ನಿನ್ನ ಕೇಳಿದ್ದೆ."

ನಾನು ಉತ್ತರಿಸಲಿಲ್ಲ. ಆ ಮನೆಯಲ್ಲಿ ಅದು ನನ್ನ ಎರಡನೆಯ ಮೌನ. ಮೊದಲನೆಯದಕ್ಕಿಂತ ಅದು ಭಾರವಾಗಿತ್ತು.

ಸೋದರಳಿಯನಿಗೆ ಫೋನು ಮಾಡಿದಾಗ ಅವನು ಸಿಟ್ಟಾದ. ನನ್ನನ್ನು ಕೇಳದೆ ಯಾಕೆ ಹೇಳಿದಿರಿ ಎಂದ. ಮೂರು ವಾರ ಮಾತಿಲ್ಲ. ಬಳಿಕ ಒಂದು ರಾತ್ರಿ ತಾನಾಗಿಯೇ ಫೋನು ಮಾಡಿ, "ಎಷ್ಟು ಕೊಟ್ಟರೆ ಸರಿ, ಮಾಮಾ?" ಎಂದು ಕೇಳಿದ. ನನ್ನಲ್ಲಿ ಸಂಖ್ಯೆ ಸಿದ್ಧವಿರಲಿಲ್ಲ. ಸ್ಕೇವೊಲ ಎಷ್ಟು ಸೇರಿಸಿದನೆಂದು ಗ್ರಂಥದಲ್ಲಿದೆ, ಯಾವ ಲೆಕ್ಕದಿಂದ ಸೇರಿಸಿದನೆಂದು ಇಲ್ಲ. ರಿಪೇರಿಯ ಖರ್ಚು ಹುಡುಗನದು. ಅದನ್ನು ಗುರುತಿಸಿದ ಕಣ್ಣೂ ಅವನದು. ಅದಕ್ಕೊಂದು ಪಾಲು ಸಲ್ಲಬೇಕು. ಉಳಿದದ್ದರಲ್ಲಿ ಅರ್ಧವೋ, ಮುಕ್ಕಾಲೋ? ಅವನು ಅರ್ಧವೆನ್ನುತ್ತಾನೆ, ನಾನು ಮುಕ್ಕಾಲೆನ್ನುತ್ತೇನೆ. ನನ್ನ ತಲೆಯಾಡಿಸುವಿಕೆಗೆ ನಾನೂ ಏನಾದರೂ ತೆರಬೇಕಲ್ಲವೇ ಎಂದು ನನ್ನ ಮನೆಯಾಕೆ ಕೇಳುತ್ತಾಳೆ.

ಬರುವ ತಿಂಗಳ ಎರಡನೆಯ ಭಾನುವಾರ, ಪೂಜೆ ಮುಗಿಸಿಕೊಂಡು ಇಬ್ಬರೂ ಯರಗುಪ್ಪಿಗೆ ಹೋಗುವುದೆಂದು ಗೊತ್ತಾಗಿದೆ. ಮಾತುಕತೆಗೆ ಮೊಮ್ಮಗನೂ ಕೂರಬೇಕೆಂದು ಕಾಕಾ ಹೇಳಿ ಕಳಿಸಿದ್ದಾರೆ. ಗಡಿಯಾರವನ್ನೂ ತರಬೇಕಂತೆ. ಹುಡುಗ ಅದರ ಗುಂಡಿಯನ್ನು ಒತ್ತುವುದೇ ಇಲ್ಲ, ಸವೆದೀತೆಂದು. ಕಾಕಾ ಮಾತ್ರ, ಊರ ಹೊರಗಿನ ಬಯಲಿನಲ್ಲಿ ಮೊಮ್ಮಗನನ್ನು ಒಂದು ಫರ್ಲಾಂಗು ಓಡಿಸಿ ಎಷ್ಟು ಸೆಕೆಂಡಾಗುತ್ತದೆಂದು ನೋಡಬೇಕೆಂದಿದ್ದಾರೆ.